ಮಾತಾಡುವ ಪಾಟಿಯ ಗೌರಾಬಾಯಿ

ಬಾಗಿಲು ಬಡಿದ ಸಪ್ಪಳ ಕೇಳಿದರೆ ಗೌರಾಬಾಯಿ ಈಗ ಥಟ್ಟನೆ ಎದ್ದು ಹೋಗಿ ತೆಗೆಯುವುದಿಲ್ಲ. ಮೊದಲು ಕಿಟಕಿಯ ಪರದೆಯನ್ನು ಬೆರಳಿನಷ್ಟು ಸರಿಸಿ, ಕೆಳಗೆ ಕೆಂಪು ಬೈಕು ನಿಂತಿದೆಯೇ ಎಂದು ನೋಡುತ್ತಾರೆ. ಆಮೇಲೆ ನನ್ನ ಕಡೆ ನೋಡುತ್ತಾರೆ. ನಾನೇನು ದೊಡ್ಡ ಪೈಲ್ವಾನಳೇ? ನನ್ನ ಎದೆಯೂ ಅವರದರಷ್ಟೇ ಹೊಡೆದುಕೊಳ್ಳುತ್ತಿರುತ್ತದೆ. ಆದರೂ "ಯಾರ್ರಿ?" ಎಂದು ಕೂಗುವ ಕೆಲಸ ನನ್ನದು. ಗೌರಾಬಾಯಿ ಕೂಗುವುದಿಲ್ಲ. ಅವರ ಧ್ವನಿ ಯಾರಿಗೂ ಕೇಳಬಾರದು.

ಆ ಧ್ವನಿಯಿಂದಲೇ ಇಷ್ಟೆಲ್ಲ ಆದದ್ದು. ಬೈಲಹೊಂಗಲದಿಂದ ಮದುವೆಯಾಗಿ ಪುಣೆಗೆ ಬಂದವರು ಗೌರಾಬಾಯಿ. ಗಂಡ ಅರಿವೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು, ಬೇಗ ತೀರಿಕೊಂಡರು. ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದಾರೆ. ಪುಣೆಯ ಕೊಂಢವಾ ಭಾಗದ ಕನ್ನಡದ ಮನೆಗಳಲ್ಲಿ ಬಸುರಿಯ ಕುಬಸವಿರಲಿ, ಕೂಸಿನ ತೊಟ್ಟಿಲಿರಲಿ, ಹಾಡಲು ಅವರೇ ಬೇಕು. ಅವರು ಬಾರದೆ ತೊಟ್ಟಿಲಿಗೆ ಕೈ ಹಚ್ಚುವಂತಿಲ್ಲ ಎಂದು ಹಟ ಹಿಡಿಯುವ ಅಜ್ಜಿಯರಿದ್ದಾರೆ. ದೊಡ್ಡ ಧ್ವನಿಯೇನಲ್ಲ. ಆದರೆ ಆ ಧ್ವನಿ "ತಂಗೀ" ಎಂದು ಕರೆದರೆ ಓಗೊಡದೆ ಕೂಡುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಂದ ಆಗುವ ಮಾತಲ್ಲ.

ಹೊಟ್ಟೆಪಾಡಿಗೆ ಅವರು ಮಾಡುವುದು ಸರ್ವೇ ಕೆಲಸ, ನಾನು ಅವರ ಜೋಡಿ. ಹೆಣ್ಣುಮಕ್ಕಳ ಆರೋಗ್ಯದ ಒಂದು ಸಂಸ್ಥೆ ನಮ್ಮನ್ನು ಮನೆಮನೆಗೆ ಕಳಿಸುತ್ತದೆ. ಯಾರೂ ಯಾರನ್ನೂ ಕೇಳಬಾರದ್ದನ್ನು ನಾವು ಕೇಳಬೇಕು. ಮುಟ್ಟು ಸರಿಯಾಗಿ ಆಗುತ್ತದೆಯೇ, ಬಸಿರು ನಿಂತಿತೇ, ಹೋಯಿತೇ, ಗಂಡ ಹೊಡೆಯುತ್ತಾನೆಯೇ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮನೆಗಳೆಲ್ಲ ನಮ್ಮ ಪಾಲಿನವು. ನಾನು ದೀಪಾಲಿ, ಧಾರವಾಡದವರ ಮಗಳು, ಆದರೆ ಹುಟ್ಟಿದ್ದು ಇಲ್ಲೇ, ನನ್ನ ಕನ್ನಡದಲ್ಲಿ ಮುಕ್ಕಾಲು ಪಾಲು ಮರಾಠಿ. ಹಾಗಾಗಿ ಒಳಗೆ ಸೊಸೆಯನ್ನು ಕೇಳುವುದು ಗೌರಾಬಾಯಿ, ಹೊರಗೆ ಅತ್ತೆಯನ್ನು ಮಾತಿನಲ್ಲಿ ಕಟ್ಟಿಹಾಕುವುದು ನಾನು. ಎಷ್ಟು ಅತ್ತೆಯರ ಮಂಡಿನೋವಿನ ಪುರಾಣ ನನಗೆ ಬಾಯಿಪಾಠವಾಗಿದೆಯೋ ದೇವರೇ ಬಲ್ಲ.

ಮೊದಲು ಎಲ್ಲವೂ ಕಾಗದದ ಮೇಲೆ. ಗೌರಾಬಾಯಿ ಹೆಣ್ಣುಮಗಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಪಿಸುಮಾತಿನಲ್ಲಿ ಕೇಳಿ, ಪೆನ್ಸಿಲಿನಿಂದ ಗುರುತು ಹಾಕುವರು. ನಡುವೆ ಯಾರಾದರೂ ಒಳಗೆ ಬಂದರೆ ಹಾಳೆ ಮಗುಚಿ ನೀರಿನ ಪುಟಕ್ಕೆ ಹೋಗುವರು. "ನಳಾ ದಿನಾ ಬರ್ತದೇನವಾ? ಕುದಿಸಿ ಕುಡೀತೀರೇನು?" ಬಂದವರು ಹೋಗುವವರೆಗೂ ನೀರೇ ನೀರು. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಹಾಗೆಂದು ಕಾಗದವೇನು ದೇವರಲ್ಲ. ಲೋಣಾವಳಾದ ಮಳೆಯಲ್ಲಿ ಫಾರ್ಮುಗಳು ನೆನೆದು, ಹೋಟೆಲಿನವನ ಕಾವಲಿಯ ಮೇಲೆ ಒಂದೊಂದಾಗಿ ಒಣಗಿಸಿದ್ದೇವೆ. ಅದು ನಗೆಪಾಟಲು, ಹೋಗಲಿ. ಇಂದಾಪುರದ ಹತ್ತಿರದ ಕಬ್ಬಿನ ಹಳ್ಳಿಯಲ್ಲಿ ಆದದ್ದು ನಗುವ ಮಾತಲ್ಲ. ಒಬ್ಬಳ ಮೈದುನ ಗೌರಾಬಾಯಿಯ ಕೈಯಿಂದ ಫಾರ್ಮು ಕಸಿದು, ಅಂಗಳದಲ್ಲಿ ನಿಂತು ಎಲ್ಲರೆದುರು ಗಟ್ಟಿಯಾಗಿ ಓದಿಬಿಟ್ಟ. ಊರವರು ನಮ್ಮನ್ನು ಬಸ್ಸಿಗೆ ಹತ್ತಿಸಿ ಕಳಿಸಿದರು. ಆ ಹೆಣ್ಣುಮಗಳಿಗೆ ಮುಂದೇನಾಯಿತೋ ಇವತ್ತಿಗೂ ಗೊತ್ತಿಲ್ಲ. ಕಬ್ಬಿನ ಗಾಡಿ ಕಂಡರೆ ಸಾಕು, ಗೌರಾಬಾಯಿ ಆಕೆಯನ್ನು ನೆನೆಯುತ್ತಾರೆ.

ಆದ್ದರಿಂದ ಸಂಸ್ಥೆಯಲ್ಲಿ ಕಾಗದ ಹೋಗಿ ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ. ಅದಕ್ಕೆ "ಪಾಟಿ" ಎಂದು ಹೆಸರಿಟ್ಟವರೂ ಅವರೇ, ಸಣ್ಣವರಿದ್ದಾಗ ಅಕ್ಷರ ತಿದ್ದಿದ ಪಾಟಿಯ ನೆನಪಿಗೆ. ಹೆಣ್ಣುಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೂಡಬೇಕು. ಪಾಟಿ ಅವಳ ಕಿವಿಯಲ್ಲಿ ಪ್ರಶ್ನೆ ಕೇಳುತ್ತದೆ. ಹೌದಾದರೆ ಹಸಿರು ಚೌಕ, ಇಲ್ಲವಾದರೆ ಕೆಂಪು ಚೌಕ ಮುಟ್ಟಿದರಾಯಿತು. ಉತ್ತರ ಕೂಡಲೇ ಬೀಗದೊಳಗೆ. ನಮಗೂ ಕಾಣುವುದಿಲ್ಲ, ಯಾವ ಮೈದುನನ ಕೈಗೂ ಸಿಗುವುದಿಲ್ಲ.

"ಕನ್ನಡ ಧ್ವನಿ ನಿಮ್ಮದೇ ಇರಲಿ, ಮಾವಶಿ," ಎಂದಳು ಅವರನ್ನು ಚಿಕ್ಕಮ್ಮನೆಂದೇ ಕರೆಯುವ ನಮ್ಮ ಮೇಲ್ವಿಚಾರಕಿ ಕೇತಕಿ ಮರಾಠಿಯಲ್ಲಿ. ಒಳ್ಳೆಯ ಹುಡುಗಿ, ಸ್ವಲ್ಪ ಅವಸರದವಳು. ಯಾರೋ ಬರೆದುಕೊಟ್ಟ ಪ್ರಶ್ನೆಗಳಲ್ಲಿ 'ತಮ್ಮ ಪತಿಯು ತಮ್ಮ ಮೇಲೆ ದೈಹಿಕ ಹಿಂಸೆಯನ್ನು ಎಸಗಿದ್ದಾರೆಯೇ' ಎಂದಿತ್ತು. ಗೌರಾಬಾಯಿ ಕಾಗದ ಪಕ್ಕಕ್ಕಿಟ್ಟರು. "ಹಿಂಗ ಕೇಳಿದ್ರ ಕೋರ್ಟಿನ್ಯಾಗ ನಿಂತೀವಿ ಅಂತ ಹೆದರ್ತಾರ ಹುಡುಗ್ಯಾರು," ಎಂದು, ತಮ್ಮ ರೀತಿಯಲ್ಲೇ ಹೇಳಿದರು: "ತಂಗೀ, ನಿನ್ನ ಮನಿಯಾಂವ ಯಾವಾಗರ ನಿನ್ನ ಮ್ಯಾಲ ಕೈ ಮಾಡ್ಯಾನೇನವಾ?" ಕನ್ನಡ ಬಾರದ ಕೇತಕಿಯೂ ಕಣ್ಣು ಒರೆಸಿಕೊಂಡಳು. ನಲವತ್ತೊಂಬತ್ತು ದಾಟಿದವರಿಗೆ ಸರ್ವೇ ಇಲ್ಲ, ಅವರಿಗೆ ನಮಸ್ಕಾರ ಹೇಳಿ ಕಳಿಸುವ ಸಾಲೊಂದಿತ್ತು. ಅದನ್ನು ಹೇಳುವಾಗ ಮಾತ್ರ ಗೊಣಗಿದರು. "ಐವತ್ತಾದ ಮ್ಯಾಲ ಹೆಣಮಗಳಿಗೆ ಮೈ ನೋಯೂದಿಲ್ಲೇನ್ರಿ?" ಅದು ಬೇರೆ ಸರ್ವೇ ಎಂದು ಕೇತಕಿ ಸಮಾಧಾನ ಮಾಡಿದಳು.

ಜುಲೈ ತಿಂಗಳು. ಅರ್ಧ ಕಟ್ಟಿದ ಕಟ್ಟಡದ ಹಿಂದೆ ತಗಡಿನ ಮಾಡಿನ ಸಾಲುಮನೆಗಳು, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತಗಡೇ ಗೋಡೆ. ಅಲ್ಲಿ ಶೈಲಾಳ ಮನೆ. ವಿಜಯಪುರದ ಇಂಡಿ ಕಡೆಯವಳು, ಇಪ್ಪತ್ತನಾಲ್ಕರ ಹುಡುಗಿ. ಗಂಡ ಶಿವರಾಜ ಸ್ಲ್ಯಾಬ್ ಹಾಕುವ ಕೂಲಿಯವರ ಮುಕಾದಮ, ಅಂದರೆ ಮೇಸ್ತ್ರಿ, ಲೋಣಾವಳಾದಲ್ಲಿ ಹೋಟೆಲೊಂದರ ಕೆಲಸಕ್ಕೆ ಹೋಗಿ ವಾರವಾಗಿತ್ತು, ನಾಳೆ ಬರುವವನಿದ್ದ. ಮನೆಯಲ್ಲಿದ್ದವರು ಅವಳು ಮತ್ತು ಅತ್ತೆ ಕೃಷ್ಣಾಬಾಯಿ. ಶೈಲಾಳ ಬಲಗೈ ತುಂಬ ಬಳೆ, ಎಡಗೈ ಬರಿದು. ಜಾರಿ ಬಿದ್ದು ಒಡೆದವು ಎಂದಳು. ಮಕ್ಕಳಿವೆಯೇ ಎಂದದ್ದಕ್ಕೆ, ಒಂದು ಹೊಟ್ಟೆಯಲ್ಲೇ ಹೋಯಿತು ಎಂದಳು. ಗೌರಾಬಾಯಿ ನನ್ನ ಮುಖ ನೋಡಿದರು.

ಅವರು ಪರದೆಯ ಆಚೆ, ಅಡುಗೆಯ ಜಾಗದಲ್ಲಿ, ಶೈಲಾಳಿಗೆ ಪಾಟಿ ಹಿಡಿಯುವುದನ್ನು ಕಲಿಸುತ್ತಿದ್ದಾಗ ಮುದುಕಿ ನನ್ನ ಕಿವಿಯ ಹತ್ತಿರ ಬಂದು ಪಿಸುಮಾತಿನಲ್ಲಿ ತನ್ನ ಗೋಳು ಬಿಚ್ಚಿದಳು.

"ಮೂರು ದಿನಾ ಅಡಿಗಿ, ಭಾಂಡಿ, ಎಲ್ಲಾ ನನ್ನ ತಲಿಗೆ ಬಿದ್ದಿತ್ತು ನೋಡವಾ. ಇವತ್ತ ಮುಂಜಾನೆ ತಲಿ ಮ್ಯಾಲ ನೀರ ಹಾಕ್ಕೊಂಡು ಒಳಗ ಬಂದಾಳ."

ಆ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂಡುವ ಪದ್ಧತಿ. ಮೂಲೆಯಲ್ಲಿ ಸುತ್ತಿಟ್ಟ ಚಾಪೆಯೂ ಬೇರೆ ತಾಟೂ ಕಂಡವು. ಯಾವ ಕಾಲದಲ್ಲಿದ್ದೀರಿ ಎಂದು ಕೇಳುವಷ್ಟು ಸಿಟ್ಟು ಬಂತು. ಆದರೆ ನನ್ನ ಕೆಲಸ ಹೂಂಗುಟ್ಟುವುದು, ಹೂಂಗುಟ್ಟಿದೆ. ಗೌರಾಬಾಯಿ ಪರದೆ ಎಳೆದು ಹೊರಗೆ ಬಂದು ನಮ್ಮ ಪಕ್ಕದಲ್ಲಿ ಕೂತರು. ಪಾಟಿ ಮಾತಾಡುವಾಗ ಹತ್ತಿರ ಇರಬಾರದೆಂದು ನಿಯಮ.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಶೈಲಾ ಜೋರಾಗಿ ಕೂಗಿದಳು.

"ಹೌದ್ರಿ ಅಕ್ಕಾ!"

ಮೊದಲು ನನಗೆ ನಗು ಬಂತು. ಹೆಡ್‌ಫೋನ್ ಹಾಕಿದವರಿಗೆ ತಮ್ಮ ಧ್ವನಿ ತಮಗೆ ಕೇಳುವುದಿಲ್ಲ, ಕೂಗಿ ಮಾತಾಡುತ್ತಾರೆ. ಮರುಕ್ಷಣ ವಿಷಯ ಹೊಳೆಯಿತು. ಹಿರಿಯಳೊಬ್ಬಳು ಕಿವಿಯಲ್ಲಿ ತಂಗೀ ಎಂದು ಕರೆದು ಕೇಳುತ್ತಿರುವಾಗ, ಬಾಯಿ ಮುಚ್ಚಿಕೊಂಡು ಚೌಕ ಒತ್ತುವುದು ಉದ್ಧಟತನವೆಂದು ಆ ಹುಡುಗಿಗೆ ಅನಿಸಿರಬೇಕು. ಮರ್ಯಾದೆಯಿಂದ ಓಗೊಟ್ಟಿದ್ದಳು. ಪ್ರಶ್ನೆಗಳ ಸಾಲು ನಮಗಿಬ್ಬರಿಗೂ ಕಂಠಪಾಠ, ಅಷ್ಟು ಹೊತ್ತಿಗೆ ಬರುವುದು ಯಾವ ಪ್ರಶ್ನೆ ಎಂದೂ ಗೊತ್ತಿತ್ತು. ನಿನ್ನ ಮೇಲೆ ಕೈ ಮಾಡಿದ್ದಾನೆಯೇ?

ಗೌರಾಬಾಯಿ ಎದ್ದರು. ಕೃಷ್ಣಾಬಾಯಿ ಅವರ ಮುಂಗೈ ಹಿಡಿದಳು.

"ಕೂಡ್ರಿ. ಏನ ಅಂತಾಳ ಕೇಳೂನು."

"ಹೌದ್ರಿ," ಎಂದಳು ಶೈಲಾ ಒಳಗಿನಿಂದ. ಈ ವರ್ಷವೂ ಹೊಡೆದಿದ್ದಾನೆಯೇ ಎಂಬುದಕ್ಕೆ. "ಇಲ್ರಿ." ಯಾರಿಗಾದರೂ ಹೇಳಿಕೊಂಡೆಯಾ ಎಂಬುದಕ್ಕೆ. ಗೌರಾಬಾಯಿ ಜೋರಾಗಿ ಕೆಮ್ಮಿದರು. ನಾನು ನೀರಿನ ಲೋಟ ಕೆಡವಿದೆ. ಅವಳ ಕಿವಿಗೆ ಗೌರಾಬಾಯಿಯ ಇನ್ನೊಂದು ಧ್ವನಿಯ ಹೊರತು ಏನೂ ಬೀಳುವಂತಿರಲಿಲ್ಲ. "ಭಾಳ ಸಲ ರಿ ಅಕ್ಕಾ," ಎಂದಳು, ಒಂದಕ್ಕಿಂತ ಹೆಚ್ಚು ಸಲ ಹೊಡೆದಿದ್ದಾನೆಯೇ ಎಂಬುದಕ್ಕೆ. ಪಕ್ಕದ ಮನೆಯಲ್ಲಿ ಟೀವಿಯ ಸದ್ದು ನಿಂತಿತು. ಅವರೂ ಕೇಳುತ್ತಿದ್ದರು.

ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು. ಹೊಟ್ಟೆಯಲ್ಲಿ ಕೂಸು ಇದ್ದಾಗಲೂ ಹೊಡೆದಿದ್ದನೇ? ಆಮೇಲೆ ಅಳು ಬೆರೆತ ಧ್ವನಿ.

"ಯಾರಿಗೂ ಹೇಳಬ್ಯಾಡ್ರಿ ಅಕ್ಕಾ. ಕೈ ಮುಗೀತೇನಿ."

ಗೌರಾಬಾಯಿ ಕೈ ಕೊಸರಿಕೊಂಡು ಹೋಗಿ ಪರದೆ ಸರಿಸಿ ಹೆಡ್‌ಫೋನ್ ಕಿತ್ತರು. ಶೈಲಾ ನಮ್ಮ ಮೂವರ ಮುಖ ನೋಡಿದಳು. "ನಾ ಬಾಯಿ ಬಿಟ್ನೇನ್ರಿ?" ಎಂದಳು. ಅಷ್ಟು ಸಣ್ಣ ಧ್ವನಿಯಲ್ಲಿ ಮೊದಲೇ ಉತ್ತರ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ.

"ಏನ ಕೇಳಿದ್ರಿ ಆಕಿಗೆ?" ಎಂದಳು ಮುದುಕಿ.

"ಆರೋಗ್ಯದ್ದು," ಎಂದರು ಗೌರಾಬಾಯಿ. ನಾವು ಚೀಲ ಎತ್ತಿಕೊಂಡೆವು. ಆಗ ಹೊರಗೆ ಬೈಕಿನ ಸದ್ದು, ಬಾಗಿಲೆದುರು ಕೆಂಪು ಬೈಕೊಂದು ನಿಂತಿತು.

ಲೋಣಾವಳಾದ ಮಳೆಗೆ ಸ್ಲ್ಯಾಬಿನ ಕೆಲಸ ನಿಂತಿತ್ತು, ಶಿವರಾಜ ಒಂದು ದಿನ ಮೊದಲೇ ಬಂದಿದ್ದ. ಅವನು ಹೊಸ್ತಿಲು ದಾಟುವ ಮೊದಲೇ ಮುದುಕಿ ಎಲ್ಲ ಹೇಳಿಬಿಟ್ಟಳು. ಸರ್ವೇದವರು ಬಂದದ್ದು, ಪಾಟಿಯಲ್ಲಿರುವುದು ತನ್ನದೇ ಧ್ವನಿ ಎಂದು ಗೌರಾಬಾಯಿ ಸೊಸೆಗೆ ಹೇಳಿದ್ದು, ಪಾಟಿ ಕೇಳಿದ್ದು, ಸೊಸೆ ಕೂಗಿದ್ದು. ಇವಳ ನಾಲಿಗೆ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ನೀರು ಕುಡಿದ.

"ಚಾ ಕೊಟ್ಟೀಯಿಲ್ಲವಾ ಅಕ್ಕಾರಿಗೆ?" ಎಂದು ತಾಯಿಯನ್ನು ಕೇಳಿದ. ಆಮೇಲೆ ಗೌರಾಬಾಯಿಯ ಕಡೆ ತಿರುಗಿದ. "ಆ ಪಾಟಿಯೊಳಗ ಮಾತಾಡೂದು ನಿಮ್ಮ ಧ್ವನೀನ ಅಂತಲ್ಲ. ನಮಗೂ ಒಂದೀಟು ಕೇಳಸ್ರಿ."

"ಅದು ಬೀಗ ಬಿದ್ದದ್ರಿ. ಉತ್ತರ ನಮಗೂ ಕಾಣೂದಿಲ್ಲ," ಎಂದರು ಗೌರಾಬಾಯಿ.

"ಉತ್ತರ ಯಾರಿಗೆ ಬೇಕ್ರಿ? ಉತ್ತರ ನಮ್ಮವ್ವನ ಹತ್ತರ ಅವ. ನನಗ ಪ್ರಶ್ನಿ ಬೇಕು. ಅವ್ವಾ, ಇನ್ನೊಮ್ಮೆ ಹೇಳು."

ಕೃಷ್ಣಾಬಾಯಿ ಬೆರಳು ಮಡಿಸುತ್ತ ಹೇಳಿದಳು. ಹೌದು. ಹೌದು. ಇಲ್ಲ. ಭಾಳ ಸಲ. ಯಾರಿಗೂ ಹೇಳಬ್ಯಾಡ್ರಿ.

ಕಾಗದವಾಗಿದ್ದರೆ ಬಾಯಿಗೆ ಹಾಕಿಕೊಂಡು ನುಂಗಿಯಾದರೂ ಬಿಡುತ್ತಿದ್ದೆ. ಉತ್ತರಕ್ಕೆ ಬೀಗ ಹಾಕಿದ ಪಾಟಿ ಪ್ರಶ್ನೆಗಳಿಗೆ ಬೀಗ ಹಾಕಿರಲಿಲ್ಲ. ಯಾರಿಗಾದರೂ ಕಲಿಸಿ ತೋರಿಸಲೆಂದು ಪ್ರಶ್ನೆಗಳನ್ನಷ್ಟೇ ಕೇಳಿಸುವ ಒಂದು ಗುಂಡಿ ಇತ್ತು, ಒತ್ತಿದರೆ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಮಾತಾಡುತ್ತಿತ್ತು. ಮುದುಕಿಯ ಬೆರಳುಗಳ ಮೇಲಿನ ಉತ್ತರಗಳು ಆ ಸಾಲಿನ ಪಕ್ಕ ಕೂತರೆ ಶೈಲಾಳ ಕತೆ ಮುಗಿದಂತೆಯೇ. ಅವಳು ಒಲೆಯ ಪಕ್ಕ ಗೋಡೆಗೆ ಅಂಟಿ ನಿಂತಿದ್ದಳು. ಶಿವರಾಜ ಕೈ ಚಾಚಿ ಗೌರಾಬಾಯಿಯ ತೊಡೆಯ ಮೇಲಿನಿಂದ ಪಾಟಿ ಎತ್ತಿಕೊಂಡ. ಪರದೆಯ ಮೇಲೆ ಬೆರಳಾಡಿಸಿದ.

"ಯಂತ್ರ ಯಾಕ ಬೇಕ್ರಿ?" ಎಂದರು ಗೌರಾಬಾಯಿ. "ಧ್ವನಿ ನಂದು. ಪ್ರಶ್ನೀನೂ ನನಗ ಬಾಯಿಗೆ ಬರ್ತಾವು. ನಾನ ಹೇಳತೇನಿ, ನೀವು ನಿಮ್ಮವ್ವನ ಉತ್ತರ ಜೋಡಸ್ಕೋತ ಹೋಗ್ರಿ."

ಅವನು ಬೆರಳು ತಡೆದ. ಗೌರಾಬಾಯಿ ಕಣ್ಣು ಮುಚ್ಚಿದರು. ಪಾಟಿಯಲ್ಲಿರುವ ಅದೇ ರಾಗ, ಅದೇ ನಿಧಾನ.

"ತಂಗೀ, ಈ ತಿಂಗಳದಾಗ ಮೈಯಾಗ ಆರಾಮಿಲ್ಲಂತ ಅನಸೇದೇನವಾ?"

ಶಿವರಾಜ ತಾಯಿಯ ಕಡೆ ನೋಡಿದ. "ಹೌದ್ರಿ," ಎಂದಳು ಕೃಷ್ಣಾಬಾಯಿ.

"ಮುಂಜಾನೆದ್ದರ ವಾಕರಿಕಿ ಬರ್ತದೇನವಾ?"

"ಹೌದ್ರಿ."

"ದವಾಖಾನಿಗೆ ತೋರ್ಸಿಯೇನು?"

"ಇಲ್ರಿ."

"ಎಷ್ಟ ಸಲ ವಾಂತಿ ಆತವಾ?"

"ಭಾಳ ಸಲ."

"ಮನಿಯಾಗ ಗಂಡಗ, ಅತ್ತಿಯವರಿಗೆ ಸುದ್ದಿ ಹೇಳಿಯೇನು?"

"ಯಾರಿಗೂ ಹೇಳಬ್ಯಾಡ್ರಿ," ಎಂದಳು ಮುದುಕಿ. ಅವಳ ಬೆರಳುಗಳೆಲ್ಲ ಮಡಿಚಿ ಮುಷ್ಟಿಯಾಗಿದ್ದವು.

ಗೌರಾಬಾಯಿ ಮತ್ತೆ ನೀರಿನ ಪುಟಕ್ಕೆ ಹೋಗಿದ್ದರು, ಕಾಗದವಿಲ್ಲದೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಐದಕ್ಕೆ ಐದೂ ಕೂತಿದ್ದವು. ಕಣ್ಣು ತೆರೆದು ಗೌರಾಬಾಯಿ ಮೆಲ್ಲಗೆ ಹೇಳಿದರು, "ಮದ್ಲಿನ ಸಲದಂಗ ಆಗಬಾರದಂತ ಹೆದರ್ಯಾಳ್ರಿ ಹುಡುಗಿ. ಮೂರು ತಿಂಗಳ ತುಂಬಲಿ ಅಂತ ಮುಚ್ಚಿಟ್ಟಾಳ."

ಶಿವರಾಜನ ಮುಖ ಸಡಿಲವಾಯಿತು. ನನಗೆ ಮಾತ್ರ ಜೀವ ಬಾಯಿಗೆ ಬಂತು. ಮುದುಕಿ ನನ್ನ ಮುಂದೆ ಮೂರು ದಿನದ ಗೋಳು ಹೇಳುವಾಗ ಗೌರಾಬಾಯಿ ಒಳಗಿದ್ದರು, ಅವರಿಗದು ಕೇಳಿರಲಿಲ್ಲ. ಸೊಸೆ ಇವತ್ತು ಬೆಳಿಗ್ಗೆಯಷ್ಟೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದವಳು. ಬಸಿರೆಲ್ಲಿಂದ ಬರಬೇಕು? ಅದು ನನಗೆ ಗೊತ್ತು, ಶೈಲಾಳಿಗೆ ಗೊತ್ತು, ಮುದುಕಿಗೆ ಗೊತ್ತು. ಚಾಪೆ ಮತ್ತು ತಾಟು ಇನ್ನೂ ಮೂಲೆಯಲ್ಲೇ ಇದ್ದವು. ಅತ್ತ ನೋಡಬಾರದೆಂದು ಎಷ್ಟು ಅಂದುಕೊಂಡರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿದ್ದವು.

ಶಿವರಾಜ ಪಾಟಿಯನ್ನು ಕೆಳಗಿಡಲಿಲ್ಲ. "ಅವ್ವಾ," ಎಂದ. "ಇಕಿ ಹೊರಗ ಕೂತಿದ್ದು ಯಾವಾಗ?"

ತಗಡಿನ ಮೇಲೆ ಮಳೆ ಶುರುವಾಗಿತ್ತು. ಕೃಷ್ಣಾಬಾಯಿ ಸೊಸೆಯ ಕಡೆ ನೋಡಿದಳು. ಶೈಲಾ ಅವಳ ಕಡೆ ನೋಡಲಿಲ್ಲ, ಬಳೆಯಿಲ್ಲದ ಕೈಯಿಂದ ಹೊಟ್ಟೆ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಈ ಮುದುಕಿ ಮಗ ಹೊಸ್ತಿಲು ದಾಟುವ ಮೊದಲೇ ಚಾಡಿ ಹೇಳಿದವಳು. ಈಗ ಬಿಡುತ್ತಾಳೆಯೇ? ನಾನು ಬಾಗಿಲಿನ ಚಿಲಕ ನೋಡಿದೆ, ಅವನ ಹೆಗಲ ಹಿಂದೆ ಇತ್ತು. ಕೂಗಿದರೆ ಪಕ್ಕದವರು ಬಂದಾರೇ ಎಂದು ಯೋಚಿಸಿದೆ. ಟೀವಿ ಬಂದ್ ಮಾಡಿ ಕೇಳುವವರು ಬಾಗಿಲು ಒಡೆಯಲು ಬರುವುದಿಲ್ಲ.

"ಹ್ವಾದ ತಿಂಗಳ ಕೂತಿದ್ಲು, ಈ ತಿಂಗಳ ಕೂತಿಲ್ಲ," ಎಂದಳು ಕೃಷ್ಣಾಬಾಯಿ. "ನಾನೂ ಅದನ್ನ ವಿಚಾರ ಮಾಡ್ಲಿಕತ್ತಿದ್ದೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಅವಳು ಎದ್ದು ಸಕ್ಕರೆ ಡಬ್ಬಿ ತಂದಳು. ದಾರಿಯಲ್ಲಿ ಆ ಚಾಪೆ, ತಾಟುಗಳನ್ನು ಕಾಲಿನಿಂದಲೇ ಮಂಚದ ಕೆಳಗೆ ಸರಿಸಿದಳು. ಮಗನ ಬಾಯಿಗೆ ಒಂದು ಚಮಚೆ, ನಮ್ಮ ಕೈಗೆ ಒಂದೊಂದು. ಕೊಡುವಾಗ ಅರ್ಧ ಸಕ್ಕರೆ ನೆಲಕ್ಕೆ ಬಿತ್ತು. ಆಗ ನನಗೆ ಹೊಳೆಯಿತು. ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರು. ಇವಳು ಮುಚ್ಚಿಟ್ಟು, ಅವರ ಬಾಯಿಂದ ಅವನಿಗೆ ತಿಳಿದಿದ್ದರೆ ಪೆಟ್ಟು ಯಾರಿಗೆ ಬೀಳುತ್ತಿತ್ತು? ಚಾಡಿಯಲ್ಲ ಅದು, ಹೆದರಿಕೆ. ಆ ಕೋಣೆಯಲ್ಲಿ ನಾವು ನಾಲ್ವರು ಹೆಂಗಸರೂ ಒಬ್ಬನಿಗೇ ಹೆದರಿ ಕೂತಿದ್ದೆವು. ಎಲ್ಲರಿಗಿಂತ ಹೆಚ್ಚು ವರ್ಷದಿಂದ ಹೆದರಿದವಳು ಅವಳು.

"ಹೋದ ಸಲ ಇಲ್ಲೇ ಇದ್ದು ಕೂಸು ಹೋತು," ಎಂದಳು ಮಗನಿಗೆ, ಅವನ ಮುಖ ನೋಡದೆ. "ಈ ಸಲ ಮೂರ ತಿಂಗಳ ತುಂಬೂ ತನಕ ತವರಿಗೆ ಕಳಸು. ಅಡಿಗಿ ನಾ ಮಾಡ್ತೇನಿ."

ಎರಡು ವರ್ಷದಿಂದ ಶೈಲಾಳನ್ನು ತವರಿಗೆ ಕಳಿಸದವನು ಆ ಭಾನುವಾರ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಕರೆದೊಯ್ದು, ತಾನೇ ಬಸ್ಸಿಗೆ ಹತ್ತಿಸಿದ. ನಾವಿಬ್ಬರೂ ಚಹದ ಅಂಗಡಿಯ ಮರೆಯಲ್ಲಿ ನಿಂತು ನೋಡಿದೆವು. ಬಸ್ಸು ಹೊರಡುವವರೆಗೂ ಅವನು ಕಿಟಕಿ ಬಿಟ್ಟು ಕದಲಲಿಲ್ಲ. ಗೌರಾಬಾಯಿಯ ಉಗುರು ನನ್ನ ತೋಳಿನಲ್ಲಿ ನೆಟ್ಟಿತ್ತು. ಇಂದಾಪುರ ದಾಟಿತೆಂದು ಸಹಪ್ರಯಾಣಿಕರ ಫೋನಿನಿಂದ ಶೈಲಾ ಹೇಳಿದ ಮೇಲೆಯೇ ನಾವು ಊಟಕ್ಕೆ ಕೂತದ್ದು.

ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಷ್ಯ ಎನ್ನುತ್ತಾರೆ. ಆದರೆ ದೊಣ್ಣೆ ಹಿಡಿದವನು ಹಾಗೇ ಇರುತ್ತಾನಲ್ಲ. ಮೂರು ತಿಂಗಳು ತುಂಬಿತು, ಶೈಲಾ ಬರಲಿಲ್ಲ. ಅಣ್ಣಂದಿರ ಮುಂದೆ ಎಲ್ಲ ಹೇಳಿಕೊಂಡಿದ್ದಳು, ಕೇತಕಿ ಅಲ್ಲಿಯೇ ಒಬ್ಬ ವಕೀಲೆಯನ್ನು ಗೊತ್ತುಮಾಡಿ ಕೊಟ್ಟಿದ್ದಳು. ಬಸಿರೂ ಇಲ್ಲ, ಹೆಂಡತಿಯೂ ಬರುವುದಿಲ್ಲ ಎಂದು ಶಿವರಾಜನಿಗೆ ತಿಳಿಯಿತು. ತಿಳಿದ ದಿನದಿಂದ ಕೊಂಢವಾದಲ್ಲಿ ಹಾಡುವ ಗೌರಾಬಾಯಿಯ ಮನೆ ಯಾವುದೆಂದು ಕೇಳುತ್ತ ತಿರುಗುತ್ತಿದ್ದಾನೆಂದು ಸುದ್ದಿ ಬಂತು. ಗೌರಾಬಾಯಿ ತೊಟ್ಟಿಲಿಗೆ ಹೋಗುವುದನ್ನು ಬಿಟ್ಟರು. ಗಂಟಲು ಕೆಟ್ಟಿದೆ ಎಂದು ಎಲ್ಲರಿಗೂ ನೆವ ಹೇಳಿದರು. ನಾನೂ ಬೈಕ್ ಸದ್ದು ಕೇಳಿದರೆ ಹತ್ತಿರದ ಅಂಗಡಿಯೊಳಗೆ ಸರಿದುಕೊಳ್ಳುತ್ತಿದ್ದೆ.

ಕೇತಕಿ ಮತ್ತೆ ಕರೆದು ಪಾಟಿಗೆ ಒಂದು ಹೊಸ ಸಾಲು ಸೇರಿಸಿಕೊಂಡಳು. "ಬಾಯಿ ಬಿಡಬ್ಯಾಡ ತಂಗೀ, ಬೆರಳಿಲೇ ಹೇಳು," ಎಂದು ಗೌರಾಬಾಯಿ ಅದಕ್ಕೆ ಹೇಳಿಕೊಟ್ಟರು. ಅದನ್ನು ಹೇಳಿ ಹೊರಗೆ ಬಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ದೀಪಾ, ಆ ಮುದುಕಿ ಒಬ್ಬಾಕೆನ ಉಳದಾಳ ಆ ಮನಿಯಾಗ."

"ಹುಲಿ ಗವಿಗೆ ಮತ್ತ ನಾ ಬರೂದಿಲ್ರಿ," ಎಂದೆ ನಾನು. ಎಷ್ಟು ಜಗಳಾಡಿದೆ! ಅವಳು ಅವನ ತಾಯಿ, ನಮಗೆ ಯಾಕೆ ಬೇಕು ಎಂದೆ. ಅವರು ಎದ್ದು ನಡೆದರು. ಬೈಯುತ್ತಲೇ ನಾನೂ ಹಿಂದೆ ಹೋದೆ.

ಬೈಕು ಇರಲಿಲ್ಲ. ಕೃಷ್ಣಾಬಾಯಿ ಬಾಗಿಲು ತೆರೆದಾಗ ಮುಖದ ಒಂದು ಪಾಲಿಗೆ ಸೆರಗು ಎಳೆದುಕೊಂಡಿದ್ದಳು. ನಾನು ಬಾಗಿಲಲ್ಲೇ ನಿಂತು ಓಣಿ ಕಾದೆ. ಪದ್ಧತಿಯ ಪ್ರಕಾರ ಆಗಲಿ, ಉತ್ತರ ಎಲ್ಲಾದರೂ ದಾಖಲಾಗಲಿ ಎಂದು ಗೌರಾಬಾಯಿ ಪಾಟಿ ತೆಗೆದು, ವಯಸ್ಸು ಐವತ್ತೆಂಟು ಎಂದು ಹಾಕಿ, ಹೆಡ್‌ಫೋನ್ ಸಿಕ್ಕಿಸುವುದನ್ನು ಮರೆತು ಗುಂಡಿ ಒತ್ತಿದರು. ಪಾಟಿ ಅವರದೇ ಧ್ವನಿಯಲ್ಲಿ ಮಾತಾಡಿತು.

"ನಿಮ್ಮ ವಯಸ್ಸಿನವರಿಗೆ ಈ ಪ್ರಶ್ನಿ ಇಲ್ಲರಿ, ಅವ್ವಾರ. ನಮಸ್ಕಾರ."

ಗೌರಾಬಾಯಿ ಅದನ್ನು ಚೀಲಕ್ಕೆ ತುರುಕಿದರು. ಮುಂದೆ ಸರಿದು, ಮುದುಕಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಪಿಸುಮಾತಿನಲ್ಲಿ ಏನೋ ಕೇಳಿದರು. ಮುದುಕಿ ಮೊದಲು ನನ್ನ ಹೆಗಲಾಚೆ ಓಣಿ ನೋಡಿದಳು. ಆಮೇಲೆ ಸೆರಗು ಸರಿಸಿದಳು. ಆ ಕಣ್ಣಿನ ಸುತ್ತಲಿನ ಬಣ್ಣ ನೋಡಿ ನಾನು ಮುಖ ತಿರುಗಿಸಿದೆ.

"ನನ್ನ ಜೋಡಿ ಬರ್ತೀರೇನ್ರಿ?" ಎಂದರು ಗೌರಾಬಾಯಿ.

"ಎಲ್ಲಿಗೆ ಬರ್ಲಿ? ಸೊಸಿಗೆ ತವರದ, ಹ್ವಾದಳು. ಈ ವಯಸ್ಸಿನ್ಯಾಗ ನನಗೆಲ್ಲೀ ತವರು? ಹಡದಾಕಿ ನಾನ, ಅಂವನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

"ನನ್ನ ಮನಿ ಅದ. ಬರ್ತೀರೇನು?"

ಅವಳು ಸೆರಗನ್ನು ಮತ್ತೆ ಮುಖಕ್ಕೆ ಎಳೆದುಕೊಂಡಳು. ಓಣಿಯ ತುದಿಯಲ್ಲಿ ಬೈಕು ಸದ್ದು ಮಾಡಿತು. ಯಾರದೋ ಬೇರೆಯದು. ಆದರೆ ಅದನ್ನು ತಿಳಿಯುವವರೆಗೆ ನಾವು ಅಲ್ಲಿ ನಿಲ್ಲಲಿಲ್ಲ. ಗೌರಾಬಾಯಿ ಓಡುತ್ತಲೇ ತಿರುಗಿ ತಮ್ಮ ಬಿಲ್ಡಿಂಗಿನ ಹೆಸರು ಹೇಳಿದರು. ಆ ಹೆಸರು ಅವಳಿಂದ ಅವನಿಗೆ ಹೋದರೆ ಏನು ಗತಿ ಎಂದು ದಾರಿಯುದ್ದಕ್ಕೂ ನಾನು ಅವರಿಗೆ ಬೈದೆ. ಅವರು ಎದುರಾಡಲಿಲ್ಲ.

ದೀಪಾವಳಿ ಮುಗಿದ ವಾರ. ಸಂಜೆ ನಾನು ಅವರ ಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದೆ. ಬಾಗಿಲು ಬಡಿದ ಸಪ್ಪಳವಾಯಿತು. ಗೌರಾಬಾಯಿ ಪರದೆ ಸರಿಸಿ ನೋಡಿದರು. ಕೆಳಗಿನ ದೀಪ ಕೆಟ್ಟಿತ್ತು, ಬೈಕು ಇದೆಯೋ ಇಲ್ಲವೋ ಕಾಣಲಿಲ್ಲ. ನನ್ನ ಕಡೆ ನೋಡಿದರು. ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟೆ.

"ಯಾರ್ರಿ?" ಎಂದೆ.

ಮತ್ತೆ ಮೆಲ್ಲಗೆ ಬಡಿದರು. ನಾನು ಲಟ್ಟಣಿಗೆ ಕೈಗೆತ್ತಿಕೊಂಡೆ. ಬೇಡವೆಂದು ನಾನು ಕೈ ಆಡಿಸುತ್ತಿದ್ದರೂ ಗೌರಾಬಾಯಿ ಬಾಗಿಲ ಹತ್ತಿರ ಹೋಗಿ, ಎಷ್ಟೋ ದಿನದ ಮೇಲೆ ತಮ್ಮ ಧ್ವನಿಯಲ್ಲೇ ಕೇಳಿದರು.

"ಯಾರವಾ?"

ಆ ಧ್ವನಿ ಕೇಳುವುದಕ್ಕೇ ಕಾದಂತೆ ಹೊರಗಿನಿಂದ ಉತ್ತರ ಬಂತು. ಅವತ್ತು ಕೇಳಿ ಹಾಗೆಯೇ ಬಿಟ್ಟುಬಂದ ಪ್ರಶ್ನೆಗೆ.

"ಹೌದ್ರಿ ಅಕ್ಕಾ. ಬರ್ತೇನಿ."

ಕೃಷ್ಣಾಬಾಯಿ ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ಒಳಗೆ ಬಂದಳು. ಗೌರಾಬಾಯಿ ಬಾಗಿಲಿಗೆ ಎರಡೂ ಚಿಲಕ ಹಾಕಿದರು.